ಕಿರವತ್ತಿಯ ಶೈಲಾ ಕೈಯಲ್ಲಿ ರ‍್ಯಾಲಿ ಕಾರಿನ ಕಿಡಿ

ಹೆದ್ದಾರಿಯ ಢಾಬಾಗಳಲ್ಲಿ ಮೊದಲ ಚಹಾ ಕುದಿಯುವ ಹೊತ್ತು. ಕಿರವತ್ತಿಯ ಸಣ್ಣ ಗ್ಯಾರೇಜಿನಲ್ಲಿ ಶೈಲಾ ಕಾರಿನ ಬಾನೆಟ್ ಎತ್ತಿ, ಎಂಜಿನ್ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ತಣ್ಣಗಿದೆ. ಬಿಸಿ ಎಂಜಿನ್ನಿನಿಂದ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ, ಅದು ಕೂರುವ ತಿರುಪಿನ ಥ್ರೆಡ್ ಕಿತ್ತು ಬರುವ ಭಯ. ಅದಕ್ಕೇ ಈ ಕೆಲಸ ಅವರಿಗೆ ಬೆಳಗಿನದು.

ಕಾರು ಶಿರಸಿಯ ರ‍್ಯಾಲಿ ಚಾಲಕ ದರ್ಶನ ಅವರದು. ಪ್ಲಗ್‌ಗಳ ಸುತ್ತಲಿನ ದೂಳನ್ನು ಶೈಲಾ ಗಾಳಿ ಹೊಡೆದು ಹಾರಿಸಿ, ಒಂದೊಂದೇ ಪ್ಲಗ್ ತೆಗೆದು ಬೆಳಕಿಗೆ ಹಿಡಿಯುತ್ತಾರೆ. "ತುದಿಯ ಪಿಂಗಾಣಿ, ಬಿಸ್ಕತ್ತಿನ ಬಣ್ಣ ಇದ್ರ ಎಂಜಿನ್ ಆರಾಮ ಐತಿ ಅಂತ ತಿಳಕೋರಿ. ಕರಿ ಮಸಿ ಹಿಡಿದಿದ್ರ ಪೆಟ್ರೋಲ್ ಪೂರ್ತಿ ಸುಟ್ಟಿಲ್ಲ. ಬೆಳ್ಳಗಾಗಿದ್ರ ಮಾತ್ರ ಹೆದರಬೇಕು, ಒಳಗ ಅತಿ ಕಾದೈತಿ ಅಂತ ಅರ್ಥ."

ಶೈಲಾ ಬನವಾಸಿ ಕಡೆಯಿಂದ ಸೊಸೆಯಾಗಿ ಬಂದವರು. ಗಂಡ ಲಾರಿ ಚಾಲಕ, ಊರಲ್ಲಿರುವುದೇ ಅಪರೂಪ. ಗ್ಯಾರೇಜ್ ನಡೆಸುತ್ತಿದ್ದ ಮಾವ ಸಂಗಯ್ಯನವರ ಬಲಗೈ, ಜ್ಯಾಕ್ ಜಾರಿ ಗಾಡಿ ಮೇಲೆ ಬಿದ್ದು, ಸೋತಿತು. ನಟ್ಟು ಬಿಚ್ಚುವ ಪಾನಾ ಎತ್ತಿಕೊಡಲು ಬಂದ ಸೊಸೆ ತಾನೇ ಪಾನಾ ತಿರುಗಿಸಲು ಕಲಿತರು. ಮೊದಮೊದಲು ಬಂದವರೆಲ್ಲ "ಗಂಡಸರು ಯಾರೂ ಇಲ್ಲೇನ್ರಿ?" ಎಂದು ಕೇಳಿ ಗಾಡಿ ತಿರುಗಿಸುತ್ತಿದ್ದರು. ಕುರ್ಚಿಯಲ್ಲಿ ಕೂತ ಸಂಗಯ್ಯ ಗದರುತ್ತಿದ್ದರು: "ಮೆಕ್ಯಾನಿಕ್ ನಿಮ್ಮೆದುರಿಗೇ ನಿಂತಾಳಲ್ರೀ!"

ಕಳೆದ ರ‍್ಯಾಲಿಗೆ ಮೊದಲು ಇದೇ ಕಾರು ಏರಿನಲ್ಲಿ ಜೋರಾಗಿ ರೇಸ್ ಕೊಟ್ಟಾಗೆಲ್ಲ ಕೆಮ್ಮುತ್ತಿತ್ತು. ಶಕ್ತಿಗೆಂದು ದರ್ಶನ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಒತ್ತಡ ಹೆಚ್ಚಿಸಿದ್ದರು, ಪ್ಲಗ್ ಮಾತ್ರ ಹಳೆಯ ಬಗೆಯವೇ. "ಗಾಳಿ ಜೋರಾಗಿ ತುಂಬ್ತೈತ್ರಿ. ಪ್ಲಗ್ ತುದಿಯಾಗ ಕಿಡಿ ಹಾರೋ ಗ್ಯಾಪ್ ಅಗಲ ಇದ್ರ ಕಿಡಿ ಆರಿ ಹೋಗ್ತೈತಿ" ಎನ್ನುತ್ತಾರೆ ಶೈಲಾ. ಶಾಖವನ್ನು ಬೇಗ ಬಿಟ್ಟುಕೊಡುವ 'ಕೋಲ್ಡ್' ಪ್ಲಗ್ ಆರಿಸಿ, ಗ್ಯಾಪ್ ಕಿರಿದು ಮಾಡಿ ಕೂರಿಸಿದರು. ಪರೀಕ್ಷೆಗೆಂದು ಕಾರು ಇಡಗುಂದಿ ದಾಟಿ ಘಟ್ಟ ಇಳಿದು ಹತ್ತಿ ಬಂತು. ಕೆಮ್ಮು ಇರಲಿಲ್ಲ. ಆದರೂ ತಣಿದ ಮೇಲೆ ಬಿಚ್ಚಿ ನೋಡಿದರೆ ಒಂದು ಪ್ಲಗ್ ಬೆಳ್ಳಗೆ!

ದರ್ಶನ ಅವರಿಗೆ ಅವಸರ. ರ‍್ಯಾಲಿಯ ತಪಾಸಣೆಗೆ ಕಾರು ತಲುಪಬೇಕಿತ್ತು. "ಉಳಿದ ಮೂರು ಸರಿ ಇದೆಯಲ್ಲ ಅಕ್ಕಾ, ಹೊರಡ್ತೇನೆ."

"ಆ ಒಂದು ಪ್ಲಗ್ ನಿಮ್ಮ ಪಿಸ್ಟನ್ ತಿಂತೈತಿ. ಚಾವಿ ಕೊಡೂದಿಲ್ಲ."

ಕನ್ನಡಿ, ಟಾರ್ಚ್ ಹಿಡಿದು ಪ್ಲಗ್ ಕೂರುವ ಕುಳಿಯೊಳಗೆ ಇಣುಕಿದರು. ತಳದಲ್ಲಿ ಎಂದೋ ಯಾರೋ ಬಿಟ್ಟ ಹಳೆಯ ವಾಷರ್ ಅಂಟಿಕೊಂಡಿತ್ತು. ಅದರಿಂದಾಗಿ ಪ್ಲಗ್ ಸರಿಯಾಗಿ ಕೂರದೆ, ಶಾಖ ಹೊರಹೋಗದೆ ಬೇಯುತ್ತಿತ್ತು. ಬಾಗಿಸಿದ ತಂತಿಯಿಂದ ಅದನ್ನು ಮೆಲ್ಲಗೆ ಎಬ್ಬಿಸಿ ತೆಗೆದು, ಹೊಸ ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ತಿರುಗಿಸಿ, ಆಮೇಲೆ ಬಿಗಿತ ಅಳೆಯುವ ಟಾರ್ಕ್ ಪಾನಾದಲ್ಲಿ ಬಿಗಿದರು.

ತಪಾಸಣೆಗೆ ಕಾರು ತಲುಪಿದ್ದು ಕೊನೆಯ ಗಳಿಗೆಯಲ್ಲಿ. ಅರ್ಧದಷ್ಟು ಕಾರುಗಳು ದಾರಿಯಲ್ಲೇ ನಿಂತ ಆ ರ‍್ಯಾಲಿಯನ್ನು ಅದು ಪೂರ್ತಿ ಮುಗಿಸಿತು. ಬಹುಮಾನವೇನೂ ಬರಲಿಲ್ಲ. ಗುರಿ ಮುಟ್ಟಿದಲ್ಲಿಂದಲೇ ದರ್ಶನ ಫೋನ್ ಮಾಡಿದರು: "ಅಕ್ಕಾ, ಒಮ್ಮೆಯೂ ಕೆಮ್ಮಲಿಲ್ಲ!" ಸಂಗಯ್ಯ ಆ ದಿನ ಢಾಬಾದಲ್ಲಿದ್ದವರಿಗೆಲ್ಲ ಚಹಾ ಕುಡಿಸಿದರು.

ಶೈಲಾ ಇದುವರೆಗೆ ಒಂದು ರ‍್ಯಾಲಿಯನ್ನೂ ಕಂಡಿಲ್ಲ. ಆಸೆ ಇಲ್ಲವೇ ಎಂದರೆ ಕೈಯ ಗ್ರೀಸ್ ಒರೆಸುತ್ತ ನಗುತ್ತಾರೆ.

"ಐತ್ರಿ. ಆದ್ರ ನೋಡಾಕಲ್ಲ. ಗಾಡಿ ಹಾದು ಹೋಗುವಾಗ ಕಣ್ಣು ಮುಚ್ಚಿ ನಿಂತು ಸದ್ದು ಕೇಳಬೇಕು. ನಾ ಕೈ ಹಚ್ಚಿದ ಎಂಜಿನ್ ಯಾವುದು ಅಂತ ನನಗ ಯಾರೂ ಹೇಳೂದು ಬ್ಯಾಡ."