ಕೆಂಪಾಪುರದಲ್ಲಿ ಉಕ್ಕದ ಹಾಲು

ಮೊನ್ನೆ ಶುಕ್ರವಾರ ತಣಿಸಂದ್ರದ ಹೊಸ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸಿದೆ. ಹಾಲು ಒಲೆಯ ಮೇಲೆ ಸುರಿದು ಸೀದ ವಾಸನೆ ಮನೆಯೆಲ್ಲ ಹರಡಿತು. ಒರೆಸುವ ಬಟ್ಟೆ ಹಿಡಿದು ನಿಂತವಳಿಗೆ ಕೆಂಪಾಪುರದ ಓನರಮ್ಮ ನೆನಪಾದರು...

ಆಗ ನಾನು ಎರಡು ಕಾಲೇಜುಗಳ ನಡುವೆ ಸಿಕ್ಕಿಕೊಂಡಿದ್ದೆ. ಗದಗದ ಕಡೆಯವಳು. ಊರಿನ ಕಾಲೇಜಿನಲ್ಲಿ ನಮ್ಮ ವಿಷಯಕ್ಕೆ ಪಾಠ ಮಾಡುವವರೇ ಇಲ್ಲವೆಂದು ಎರಡನೇ ವರ್ಷಕ್ಕೆ ಯಲಹಂಕದ ಕಾಲೇಜೊಂದಕ್ಕೆ ವರ್ಗಾವಣೆ ಕೇಳಿದ್ದೆ. ಅಲ್ಲಿಯವರು ಟಿ.ಸಿ. ಕೊಟ್ಟು ಕೈತೊಳೆದುಕೊಂಡಿದ್ದರು, ಇಲ್ಲಿಯವರು ಇನ್ನೂ ಸೇರಿಸಿಕೊಂಡಿರಲಿಲ್ಲ. ಬೆಂಗಳೂರಿನ ವಿಳಾಸ ಬೇಕು, ಇಲ್ಲಿ ಇರುವ ಮನೆಯವರಿಂದ ಪತ್ರ ಬರೆಸಿಕೊಂಡು ಬಾ ಎಂದರು ಆಫೀಸಿನಲ್ಲಿ. ಹಾಸ್ಟೆಲ್‌ನಲ್ಲಿ ಕೇಳಿದರೆ ಮೊದಲು ಅಡ್ಮಿಷನ್ ಆಗಲಿ ಅಂದರು. ಪಿ.ಜಿ.ಗಳವರು ಕಾಲೇಜಿನ ಐಡಿ ಕಾರ್ಡ್ ಕೇಳಿದರು. ಶನಿವಾರ ಕಡೆಯ ದಿನ. ನಮ್ಮ ಮನೆಯಲ್ಲಿ ಹೀಗೇ ಒಂದೇ ವರ್ಷದ ಮಟ್ಟಿಗೆಂದು ಓದು ಬಿಟ್ಟು ಕೂತ ಅಕ್ಕ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ.

ಗುರುವಾರ ಟು-ಲೆಟ್ ಬೋರ್ಡ್ ಹುಡುಕುತ್ತ ಕೆಂಪಾಪುರದ ಬೀದಿಗಳನ್ನೆಲ್ಲ ಸುತ್ತಿದೆ. ಎಲ್ಲರದೂ ಒಂದೇ ಉತ್ತರ: ಈಗ ಆಷಾಢ, ಶ್ರಾವಣಕ್ಕೆ ಬನ್ನಿ. ಆಷಾಢದಲ್ಲಿ ಯಾರೂ ಹಾಲುಕ್ಕಿಸಿ ಹೊಸ ಮನೆ ಸೇರುವುದಿಲ್ಲ. ಗೇಟಿನ ಬಳಿ ಸೊಪ್ಪು ಬಿಡಿಸುತ್ತ ಕೂತಿದ್ದ ಓನರಮ್ಮನೂ ಅದನ್ನೇ ಹೇಳಿದರು.

"ಆಸಾಡದಲ್ಲಿ ಆಲು ಉಕ್ಕಿಸ್ಬಾರ್ದು ಕಣಮ್ಮ. ನಿಂಗೂ ಒಳ್ಳೇದಲ್ಲ, ನಂಗೂ ಒಳ್ಳೇದಲ್ಲ."

ನನ್ನ ಬಾಯಿ ಮೊದಲಿನಿಂದಲೂ ಸುಮ್ಮನಿರುವಂಥದ್ದಲ್ಲ. "ನಿಮ್ಮ ಆಷಾಢ ಮುಗಿಯೂತನ ಕಾಲೇಜಿನವರು ಕಾಯಂಗಿಲ್ರಿ" ಎಂದೆ ಸಿಟ್ಟಿನಿಂದ. ಅಂದದ್ದೇ ತಡ, ಅಳು ಬಂತು. ಅವರು ನನ್ನ ಫೈಲನ್ನೂ ಧೂಳು ಮೆತ್ತಿದ ಕಾಲನ್ನೂ ನೋಡಿ ಸೊಪ್ಪು ಕೆಳಗಿಟ್ಟರು.

"ಬಾಡ್ಗೆಗೆ ಬರ್ಬೇಡ, ನೆಂಟ್ರಾಗಿ ಬಾ. ನೆಂಟ್ರು ಬರಾಕೆ ಆಸಾಡ ಏನ್ ಅಡ್ಡಿ?"

ಪತ್ರ ನಾನೇ ಬರೆದೆ: ಈಕೆ ನಮ್ಮ ನೆಂಟರ ಹುಡುಗಿ, ನಮ್ಮ ಮನೆಯಲ್ಲೇ ಇದ್ದಾಳೆ. ಓನರಮ್ಮ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಸಹಿ ಹಾಕಿದ್ದು ಸುಳ್ಳಾಗಬಾರದೆಂದು ಆಗಲೇ ಒಳಗೆ ಕರೆದು ಮುದ್ದೆ ಬಡಿಸಿದರು. ನುಂಗಲು ಬಾರದೆ ನಾನು ಅಗಿಯುತ್ತಿದ್ದರೆ ನಕ್ಕಿದ್ದೇ ನಕ್ಕಿದ್ದು. ಶನಿವಾರ ಅಡ್ಮಿಷನ್ ಆಯಿತು.

ಆ ತಿಂಗಳು ಅವರ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದೆ. ಬಾಡಿಗೆಗಿದ್ದ ಮಹಡಿಯ ಕೋಣೆಯನ್ನು ನನಗೆಂದೇ ಖಾಲಿ ಬಿಟ್ಟು, ಶ್ರಾವಣಕ್ಕೆ ಬರುತ್ತೇವೆಂದು ಕೇಳಿಕೊಂಡು ಬಂದವರನ್ನೆಲ್ಲ ವಾಪಸು ಕಳುಹಿಸಿದರು. ಶ್ರಾವಣದ ಮೊದಲ ಶುಕ್ರವಾರ ನಾನಲ್ಲಿ ಹಾಲುಕ್ಕಿಸುವುದೆಂದು ನಿಶ್ಚಯವಾಗಿತ್ತು.

ಅದಕ್ಕೆ ಎರಡು ದಿನ ಮುಂಚೆ ಹಾಸ್ಟೆಲ್ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಅಪ್ಪ ಫೋನಿನಲ್ಲಿ ಅಲ್ಲಿಗೇ ಹೋಗು ಅಂದರು. ಅಪ್ಪನ ಮೇಲೆ ಹಾಕುವುದೇಕೆ, ನನಗೂ ಆಸೆಯಿತ್ತು. ಹೇಳಲೆಂದು ಮಹಡಿ ಹತ್ತಿದರೆ ಓನರಮ್ಮ ಕೋಣೆ ತೊಳೆದು ಹೊಸಿಲಿಗೆ ಅರಿಶಿನ ಹಚ್ಚುತ್ತಿದ್ದರು. ನನ್ನ ಮಾತು ಕೇಳಿ ಅವರ ಕೈ ನಿಂತಿತು.

"ನೆಂಟ್ರು ಅಂದ್ಮೇಲೆ ಓಗ್ಲೇಬೇಕಲ್ಲಮ್ಮ. ಬಂದೋಗ್ತಿರು," ಎಂದು ಮತ್ತೆ ಅರಿಶಿನದ ಬಟ್ಟಲಿಗೆ ಕೈ ಹಾಕಿದರು.

ಹಾಸ್ಟೆಲ್ ಸೇರಿದ ಮೇಲೆ ನಾನು ಒಮ್ಮೆಯೂ ಅವರನ್ನು ನೋಡಲು ಹೋಗಲಿಲ್ಲ. ಮುಂದಿನ ವಾರ, ಪರೀಕ್ಷೆ ಮುಗಿದ ಮೇಲೆ, ಹಬ್ಬಕ್ಕೆ... ಆಮೇಲಾಮೇಲೆ ಹೋಗಲು ಮುಖವೇ ಇರಲಿಲ್ಲ. ಬಸ್ಸು ಹೆಬ್ಬಾಳ ದಾಟುವಾಗ ಕೆಂಪಾಪುರದ ಕಡೆ ನೋಡದೆ ಕೂರುತ್ತಿದ್ದೆ.

ಎಷ್ಟೋ ವರ್ಷಗಳ ಮೇಲೆ, ಈ ಸಲ ಮನೆ ಹುಡುಕುವಾಗ, ಧೈರ್ಯ ಮಾಡಿ ಅವರ ಮನೆಗೆ ಹೋದೆ. ನನ್ನನ್ನು ಎಂದೂ ಕಾಣದ ಸೊಸೆ ಬಾಗಿಲು ತೆಗೆದರು. ಅತ್ತೆ ತೀರಿಕೊಂಡು ಎರಡು ವರ್ಷವಾಯಿತು ಅಂದರು. ಯಾರೆಂದು ಹೇಳಿಕೊಳ್ಳಲಿ... ಗದಗದವಳು, ಓದುವಾಗ ಇಲ್ಲಿದ್ದೆ ಎಂದಷ್ಟೇ ಹೇಳಿದೆ.

"ಆಷಾಢದ ನೆಂಟ್ರು ಅಂತಿದ್ರಲ್ಲ, ನೀವೇನಾ? ಶ್ರಾವಣ ಬಂದ್ರೆ ಸಾಕು, ಅತ್ತೆ ನಿಮ್ ಮಾತು ಎತ್ತೋರು."

ತಣಿಸಂದ್ರದ ಮನೆ ಆಷಾಢದಲ್ಲೇ ಸಿಕ್ಕಿತ್ತು. ಓನರ್ ಬೀಗದ ಕೈ ಕೊಟ್ಟು ಇವತ್ತೇ ಬನ್ನಿ ಅಂದರು. ಶ್ರಾವಣ ಬರಲಿ ಎಂದೆ. ಇದನ್ನೆಲ್ಲ ಯಾವಾಗಿನಿಂದ ನಂಬತೊಡಗಿದೆ ಎಂದು ಗಂಡ ನಕ್ಕರು. ನಾನು ಶ್ರಾವಣದ ಮೊದಲ ಶುಕ್ರವಾರದವರೆಗೆ ಕಾದೆ. ಹಾಲು ಉಕ್ಕಿ ಪೂರಾ ಸುರಿಯುವವರೆಗೂ ಉರಿ ತಗ್ಗಿಸದೆ ನಿಂತಿದ್ದೆ. ಅವರು ನನಗೆಂದು ತೊಳೆದಿಟ್ಟಿದ್ದ ಕೋಣೆಯಲ್ಲಿ ಉಕ್ಕಬೇಕಿದ್ದ ಹಾಲು ಅದು.