ಈರುಳ್ಳಿಯ ಎಷ್ಟನೇ ಪದರ?

ಮೊನ್ನೆ ಚಿತ್ರದುರ್ಗದ ಬಣ್ಣದಂಗಡಿಯಲ್ಲಿ ಬಣ್ಣಗಳ ಮಾದರಿ ಕಾರ್ಡು ಹಿಡಿದು ನಿಂತಿದ್ದೆ. ನಮ್ಮ ಹಿಂದಿನ ಕೋಣೆಗೆ ಪಕ್ಕದ ಮನೆಯ ಗೋಡೆ ಅಡ್ಡ. ಮಟಮಟ ಮಧ್ಯಾಹ್ನವೂ ಲೈಟು ಬೇಕು. ಕಾರ್ಡಿನ ಮೂಲೆಯಲ್ಲಿದ್ದ ನಸುಗುಲಾಬಿ ಚೌಕ ಕಂಡದ್ದೇ ತಡ, ಮೂಗು ಚುರುಗುಟ್ಟಿತು. ಬಣ್ಣ ನೋಡಿದರೆ ಮೂಗೇಕೆ ಚುರುಗುಟ್ಟಬೇಕು ಎನ್ನುತ್ತೀರಾ? ಅದಕ್ಕೆ ನೀವು ನನ್ನ ಜೊತೆ ನಮ್ಮೂರು ಆದಿವಾಲಕ್ಕೆ ಬರಬೇಕು.

ಅಲ್ಲಿ ನಮ್ಮ ಮನೆಯ ನಡುಕೋಣೆಗೆ ಕಿಟಕಿಯಿಲ್ಲ, ಮಾಳಿಗೆಯಲ್ಲೊಂದು ಗವಾಕ್ಷಿ ಅಷ್ಟೆ. ನಾನು ಚಿಕ್ಕವನಿದ್ದಾಗ ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಅಲ್ಲೇ ಮಷೀನಿಟ್ಟುಕೊಂಡು ಊರವರ ರವಿಕೆ ಹೊಲಿಯುತ್ತಿದ್ದರು. ಕೈಯಲ್ಲಿರುವುದು ಕರಿ ದಾರವೋ ನೀಲಿಯೋ ತಿಳಿಯಲು ಬೀದಿ ಬಾಗಿಲಿಗೆ ಓಡಬೇಕಿತ್ತು. ಅಪ್ಪನಿಗೆ ಆ ಕೋಣೆಯ ಮೇಲೆ ಕಣ್ಣು.

"ಕತ್ಲೆ ಕೋಣೆ ಅಕ್ಕ, ಶೇಂಗಾ ಚೀಲ ಹಾಕಾಣ. ನೀನು ಕೊಟ್ಟಿಗೆ ಪಕ್ಕ ಕುಂತ್ಕ."

"ಒಂದ್ಸಲ ಈರುಳ್ಳಿ ಬಣ್ಣ ಹೊಡ್ಸಿ ನೋಡಪ್ಪ. ಆಗ್ಲೂ ಕತ್ಲೆ ಇದ್ರೆ ನಾನೇ ಮಷೀನ್ ಎತ್ತಿಡ್ತೀನಿ," ಎಂದರು ಅತ್ತೆ.

ಹಿರಿಯೂರಿನಿಂದ ಪೇಂಟರ್ ಬಂದ. "ಆಯಿಲ್ ಪೇಂಟ್ ಹೊಡೀತೀನ್ರಿ, ಬೆಳಕು ಡಬಲ್ ಆಗ್ತೈತೆ."

"ಇಲ್ದಿರೋ ಬೆಳಕು ಡಬಲ್ ಆದ್ರೆ ಎಷ್ಟಾಗ್ತೈತಪ್ಪ?" ಎಂದರು ಅಪ್ಪ.

ಅವನು ಈರುಳ್ಳಿಯ ಮೇಲಿನ ಕೆಂಪು ಸಿಪ್ಪೆ ನೋಡಿ ಅದೇ ಬಣ್ಣವನ್ನು ಗೋಡೆಗೆ ಅಂಗೈಯಗಲ ಬಳಿದ. ಇದ್ದಬದ್ದ ಬೆಳಕನ್ನೂ ಅದು ನುಂಗಿತು. ಅದಲ್ಲ, ಅದರ ಕೆಳಗಿನ ಪದರ ಎಂದು ಅಮ್ಮ ಸುಲಿದರು. ಅದೂ ಅಲ್ಲ ಎಂದು ಅಪ್ಪ ಸುಲಿದರು. ನಾನೂ ಕೈ ಹಾಕಿದೆ. ಕೆಡಿಸುವ ಕೆಲಸಕ್ಕೆ ನಾನು ಯಾವತ್ತೂ ಮುಂದು. ಎಲ್ಲರ ಕಣ್ಣಲ್ಲೂ ಧಾರಾಕಾರ ನೀರು.

ಇದೇ ಹೊತ್ತಿಗೆ ಪಕ್ಕದ ಮನೆಯ ಗಂಗಮ್ಮ ಇಣುಕಿದರು. ಕತ್ತಲಲ್ಲಿ ಮನೆಮಂದಿಯೆಲ್ಲ ಮಷೀನಿನ ಸುತ್ತ ಅಳುತ್ತಿದ್ದಾರೆ, ಅತ್ತೆ ಮಾತ್ರ ಕಾಣುತ್ತಿಲ್ಲ. "ಅಯ್ಯೋ, ಯಾವಾಗ ಹೋದ್ಲವ್ವ!" ಎಂದು ಎದೆ ಬಡಿದುಕೊಂಡು ಕುಸಿದೇಬಿಟ್ಟರು.

ಮೂಲೆಯಿಂದ ದನಿ ಬಂತು: "ಇನ್ನೂ ಹೋಗಿಲ್ಲ ಕಣೇ, ಬಣ್ಣ ಆರಿಸ್ತಿದೀವಿ. ಬಾ, ನೀನೂ ಒಂದು ಸುಲಿ."

ಆಮೇಲೆ ಅತ್ತೆಗೆ ರೇಗಿತು. "ಇಲ್ಲಿ ಕುಂತ್ಕಳೋಳು ನಾನು, ಸುಲಿಯೋರು ನೀವು!" ಎಂದು ಈರುಳ್ಳಿ ಕಿತ್ತುಕೊಂಡು, ಒಳಗಿನ ಬಿಳಿಯಲ್ಲಿ ತುಸುವೇ ಕೆಂಪಿದ್ದ ಪದರವನ್ನು ಗೋಡೆಗೆ ಒತ್ತಿ ಹಿಡಿದರು. ಮಿಂಚುವ ಪೇಂಟ್ ಬೇಡವೆಂದರು. ಹಳೇ ಗೋಡೆಯ ಉಬ್ಬುತಗ್ಗೆಲ್ಲ ಎದ್ದು ಕಾಣುತ್ತದಂತೆ. ಬಣ್ಣ ಆರಿದ ಮೇಲೆ ಅಪ್ಪ ಸದ್ದಿಲ್ಲದೆ ಎರಡು ದಾರದುಂಡೆ ಎತ್ತಿ ಹಿಡಿದರು. ಅತ್ತೆ ಕೂತಲ್ಲಿಂದಲೇ, "ಇದು ಕರಿದು, ಅದು ನೀಲಿ. ಇನ್ನೇನಪ್ಪ?" ಎಂದರು. ಶೇಂಗಾ ಚೀಲಗಳು ಅಪ್ಪನ ಮಂಚದ ಕೆಳಗೆ ಹೋದವು.

ಮೊನ್ನೆ ಬಣ್ಣದಂಗಡಿಯಿಂದಲೇ ಅತ್ತೆಗೆ ಫೋನ್ ಮಾಡಿದೆ. "ಅತ್ತೆ, ಅದು ಎಷ್ಟನೇ ಪದರ?"

"ಆ ರೂಮಲ್ಲಿ ಯಾರು ಕುಂತ್ಕಂತಾರೆ?"

"ನಿಮ್ಮ ಸೊಸೆ. ಸ್ಕೂಲ್ ಮಕ್ಕಳ ಪೇಪರ್ ತಿದ್ತಾಳೆ."

"ಮತ್ತೆ ನನ್ನ ಯಾಕೆ ಕೇಳ್ತೀಯ ಲೇ?"

ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಕಾರ್ಡು ವಾಪಸ್ ಕೊಟ್ಟು, ದಾರಿಯಲ್ಲಿ ಈರುಳ್ಳಿ ಕೊಂಡು, ಮನೆಗೆ ಬಂದು ಹೆಂಡತಿಯ ಮುಂದಿಟ್ಟೆ.

"ಪಲ್ಯಕ್ಕೇನ್ರಿ?"

"ಅಲ್ಲ, ಗೋಡೆಗೆ. ನೀನೇ ಸುಲಿ."