ಹ್ಯಾಂಗ್ ಆಯ್ತು, ಅತ್ತೆ

ನಮ್ಮ ಮನೆಯ ಮೊದಲ ಕಂಪ್ಯೂಟರ್ ಬರುವಾಗಲೇ ಹಳೆಯದಾಗಿತ್ತು. ನನ್ನ ಗಂಡ ಕೆಲಸ ಮಾಡುತ್ತಿದ್ದ ಚಿಂಚವಡದ ಕಚೇರಿಗೆ ಹೊಸ ಯಂತ್ರಗಳು ಬಂದಿದ್ದವು. ಬೇಡವಾದವುಗಳಲ್ಲಿ ಒಂದನ್ನು ಇವರು ಕೇಳಿ ಪಡೆದು, ಚಾದರದಲ್ಲಿ ಸುತ್ತಿ, ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಪುಣೆಯ ಕೋಥರೂಡಿಗೆ ತಂದರು. ಎರಡನೇ ಮಹಡಿಯ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಅದಕ್ಕೆ ಸಿಕ್ಕ ಜಾಗ ಅತ್ತೆಯ ಹೊಲಿಗೆ ಯಂತ್ರದ ಮೇಲೆ. ಯಂತ್ರವನ್ನು ಒಳಗೆ ಮಡಚಿ ಹಲಗೆ ಮುಚ್ಚಿದರೆ ಅದೇ ಮೇಜು. ಟೈಪ್ ಮಾಡುತ್ತ ಕೂತಾಗ ನನಗೇ ಗೊತ್ತಿಲ್ಲದೆ ಕೆಳಗಿನ ಪೆಡಲನ್ನು ತುಳಿಯುತ್ತಿದ್ದೆ.

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ನನ್ನ ಮದುವೆಯೂ ಹೊಸದು. ನಾನು ತುಮಕೂರಿನವಳು, ಮದುವೆಗೆ ಮುಂಚೆ ಅಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಂಗ್ ಕೆಲಸ ಮಾಡುತ್ತಿದ್ದೆ. ಪುಣೆಗೆ ಬಂದ ಮೇಲೆ ಹೊರಗೆ ಮರಾಠಿ ಬಾರದು. ಒಳಗೆ ಬಾಗಲಕೋಟೆ ಕಡೆಯ ಕನ್ನಡ. ಅದೂ ಅರ್ಧ ಅರ್ಥವಾಗಿ ಅರ್ಧ ತಲೆಯ ಮೇಲೆ ಹೋಗುತ್ತಿತ್ತು. ಅತ್ತೆ ಒಳ್ಳೆಯವರೇ, ಆದರೆ ಮಾತು ಕಡಿಮೆ. ಇವರು ಕೆಲಸಕ್ಕೆ ಹೋದ ಮೇಲೆ, ಮಾವ ವಾಚನಾಲಯಕ್ಕೆ ಹೋದ ಮೇಲೆ, ನಾವಿಬ್ಬರೂ ಒಂದೇ ಮನೆಯಲ್ಲಿ ಎರಡು ಕಡೆ ಇರುತ್ತಿದ್ದೆವು.

ನಮ್ಮನ್ನು ಒಂದೆಡೆ ಕೂರಿಸಿದ್ದು ನಾಟಕ. ಆಸುಪಾಸಿನ ಕನ್ನಡ ಹೆಂಗಸರದೊಂದು ಮಂಡಳಿ ಇತ್ತು. ಸಂಕ್ರಾಂತಿಯ ಕೂಟಕ್ಕೆ ಈ ಸಲ ನಮ್ಮದೇ ನಾಟಕ ಆಗಲಿ ಎಂದು ಅವರು ಅತ್ತೆಯ ಬೆನ್ನು ಹತ್ತಿದರು. ಅತ್ತೆ ಒಪ್ಪಿಕೊಂಡು ಬಂದು, ಕಂಪ್ಯೂಟರಿನ ಮೇಲಿನ ಬಟ್ಟೆ ಸರಿಸಿ ನೋಡಿ, ನನ್ನ ಕಡೆ ತಿರುಗಿದರು.

"ಕುಂತು ಬರದ್ರ ನನಗ ಮಾತು ಬರಂಗಿಲ್ಲವಾ. ಅಡ್ಡಾಡಿಕೋತ ಹೇಳಿದ್ರ ಬರ್ತಾವ. ನಾ ಹೇಳ್ತೀನಿ, ನೀ ಇದರಾಗ ಒತ್ತತೀಯೇನು?"

ಬೆಂಗಳೂರಿನಿಂದ ತರಿಸಿದ ಸಿ.ಡಿ.ಯಿಂದ ಇವರು ಕನ್ನಡ ಅಕ್ಷರಗಳನ್ನು ಹಾಕಿಕೊಟ್ಟರು. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲೆ ನಮ್ಮ ಕೆಲಸ. ಅತ್ತೆ ಸೆರಗು ಸಿಕ್ಕಿಸಿ ಕಿಟಕಿಯಿಂದ ಅಡುಗೆಮನೆ ಬಾಗಿಲಿನವರೆಗೆ ನಡೆಯುತ್ತ ಒಬ್ಬೊಬ್ಬರ ಮಾತನ್ನೂ ಆಯಾ ದನಿಯಲ್ಲೇ ಹೇಳುವರು. ಅವರು "ಮನ್ಯಾಗ ಯಾರದಾರ?" ಎಂದರೆ ನನ್ನ ಬೆರಳು ತಾನಾಗಿ "ಮನೆಯಲ್ಲಿ ಯಾರಿದ್ದಾರೆ?" ಎಂದು ಒತ್ತಿಬಿಡುತ್ತಿತ್ತು. ಅತ್ತೆ ಹಿಂದೆ ಬಂದು ನಿಂತು ಓದಿ, "ಇದು ಯಾರ ಮನಿ ಮಾತವಾ? ನಮ್ಮನಿದಲ್ಲ" ಎನ್ನುವರು. ಅಳಿಸಿ ಮತ್ತೆ ಒತ್ತುತ್ತಿದ್ದೆ.

ಮೊದಲ ದೃಶ್ಯ ಮುಗಿಯುವ ಮುಂಚೆಯೇ ಯಂತ್ರ ನಿಂತಿತು. ಕರ್ಸರ್ ಮರಳು ಗಡಿಯಾರವಾಗಿ ಅಲ್ಲೇ ಕೂತಿತು. ಯಾವ ಕೀಲಿ ಒತ್ತಿದರೂ ಅಕ್ಷರ ಮೂಡದು.

"ಹ್ಯಾಂಗ್ ಆಯ್ತು, ಅತ್ತೆ."

"ಹ್ಯಾಂಗ ಆತು?"

"ಹೌದು, ಹ್ಯಾಂಗ್ ಆಯ್ತು."

"ಅದನ್ನ ನಾ ನಿನಗ ಕೇಳಾಕತ್ತೀನಿ. ಹ್ಯಾಂಗ ಆತು? ನೀ ಏನು ಒತ್ತಿದಿ?"

ಅವರ ಕಡೆ 'ಹ್ಯಾಂಗ' ಅಂದರೆ 'ಹೇಗೆ' ಎಂಬುದು ನನ್ನ ತಲೆಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಮೇಲೆ ನಗು ತಡೆಯಲಾಗಲಿಲ್ಲ. ವಿವರಿಸಿ ಹೇಳಿದೆ. ಅವರೂ ನಕ್ಕರು. ಆ ಮನೆಯಲ್ಲಿ ನಾವಿಬ್ಬರೂ ಸೇರಿ ನಕ್ಕದ್ದು ಅದೇ ಮೊದಲಿರಬೇಕು.

ಅಲ್ಲಿಂದ ಅದು ದಿನದ ಪಾಡಾಯಿತು. ಒಂದು ಪುಟ ದಾಟುವಷ್ಟರಲ್ಲಿ ಯಂತ್ರ ನಿಲ್ಲುವುದು. ಗುಂಡಿ ಒತ್ತಿ ಆರಿಸಿ ಮತ್ತೆ ಹಚ್ಚಿದರೆ, ಸರಿಯಾಗಿ ಮುಚ್ಚಲಿಲ್ಲವೆಂದು ಗದರಿಸುತ್ತ ನೀಲಿ ಪರದೆ ಬರುವುದು. ಅದು ತನ್ನ ಹೊಟ್ಟೆಯನ್ನೆಲ್ಲ ತಾನೇ ತಪಾಸಣೆ ಮಾಡಿಕೊಂಡು ಏಳುವಷ್ಟರಲ್ಲಿ ಚಹಾ ಮಾಡಿ ಕುಡಿದು ಲೋಟ ತೊಳೆದಿಡಬಹುದಿತ್ತು. ಆ ಬಿಡುವಿನಲ್ಲಿ ಅತ್ತೆ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರುವರು. ಸುಮ್ಮನೆ ಕೂರಲಾಗದೆ ಏನಾದರೂ ಹೇಳುವರು. ಅವರು ಪುಣೆಗೆ ಬಂದಾಗ ಇದ್ದ ಪೇಟೆಯ, ಹತ್ತಾರು ಸಂಸಾರಗಳ ಹಳೆಯ ವಾಡೆ, ನೀರಿಗಾಗಿ ನಿಲ್ಲುತ್ತಿದ್ದ ಸಾಲು, ಮರಾಠಿ ಬಾರದೆ ತರಕಾರಿಯವಳೊಡನೆ ಕೈಸನ್ನೆಯಲ್ಲೇ ಮಾಡಿದ ಜಗಳ. ನಾನೂ ನನ್ನ ಊರಿನ ಮಾತು ತೆಗೆಯುತ್ತಿದ್ದೆ. ಪರದೆ ಬೆಳಗಿದೊಡನೆ ಇಬ್ಬರೂ ಮಾತು ನಿಲ್ಲಿಸಿ ನಾಟಕಕ್ಕೆ ಮರಳುತ್ತಿದ್ದೆವು.

ಇವರು ಭಾನುವಾರಗಳನ್ನು ಆ ಯಂತ್ರಕ್ಕೇ ಬಿಟ್ಟುಕೊಟ್ಟರು. ಮೊದಲು ಯಾರೋ ತುಂಬಿಟ್ಟಿದ್ದ ಆಟಗಳನ್ನೆಲ್ಲ ಅಳಿಸಿದರು. ಆಮೇಲೆ ರಾಶಿಬಿದ್ದಿದ್ದ ತಾತ್ಕಾಲಿಕ ಫೈಲುಗಳನ್ನು ಅಳಿಸಿದರು. ಡಬ್ಬಿ ಬಿಚ್ಚಿ ಬ್ರಷ್ಷಿನಿಂದ ಫ್ಯಾನಿನ ಧೂಳು ತೆಗೆದರು. ಬಾಲ್ಕನಿಯಲ್ಲಿ ಅಷ್ಟು ಧೂಳೆದ್ದದ್ದು ನೋಡಿ ಪಕ್ಕದ ಮನೆಯವರು ಏನಾಯಿತೆಂದು ಕೇಳಿದರು. ಬುಧವಾರ ಪೇಠೆ ಎಂಬ ಬಜಾರಿನಿಂದ ಇನ್ನೊಂದು ರ್ಯಾಮ್ ತಂದು ಸಿಕ್ಕಿಸಿದರು. ಪ್ರತಿಸಲವೂ "ಈಗ ನೋಡು" ಎನ್ನುವರು. ಸ್ವಲ್ಪ ಹೊತ್ತು ಚೆನ್ನಾಗಿ ನಡೆದು, ಅತ್ತೆಗೆ ಮಾತು ಒಳ್ಳೆಯ ಓಘದಲ್ಲಿ ಬರುತ್ತಿರುವಾಗಲೇ ಅದು ನಿಲ್ಲುವುದು.

ಕೊನೆಗೆ ಇವರ ಪರಿಚಯದ ರಿಪೇರಿಯವನೊಬ್ಬ ಬಂದ. ಹತ್ತು ನಿಮಿಷ ನೋಡಿ, "ಫಾರ್ಮ್ಯಾಟ್ ಮಾರಾವಾ ಲಾಗೇಲ" ಎಂದ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು ಎಂದು ಅರ್ಥ. 'ಎಲ್ಲ' ಎಂಬುದರಲ್ಲಿ ನಾಟಕವೂ ಸೇರಿತ್ತು. ಫ್ಲಾಪಿಗೆ ತೆಗೆದಿಡಬಹುದಿತ್ತು, ಆದರೆ ನಮ್ಮ ಫ್ಲಾಪಿಗಳಲ್ಲಿ ಒಂದು ತೆರೆದರೆ ಇನ್ನೊಂದು ತೆರೆಯುತ್ತಿರಲಿಲ್ಲ. ನಾಟಕ ಮುಗಿಯಲಿ, ಆಮೇಲೆ ನೋಡೋಣ ಎಂದು ಅವನಿಗೆ ಚಹಾ ಕೊಟ್ಟು ಕಳಿಸಿದೆವು.

ನಾಟಕದ ನಡುವೆ ಒಂದು ಬಸ್ಸಿನ ದೃಶ್ಯ ಇತ್ತು. ಅದು ಹುಟ್ಟಿದ್ದು ನಮ್ಮ ಮನೆಯದೇ ಒಂದು ಕಥೆಯಿಂದ. ಯಾರೇ ನೆಂಟರು ಬರಲಿ, ಮಾವ ಅದನ್ನು ಹೇಳದೆ ಬಿಡುತ್ತಿರಲಿಲ್ಲ. ಅತ್ತೆಯ ತವರು ಬಾಗಲಕೋಟೆ ಹತ್ತಿರದ ಶಿರೂರು. ಪುಣೆಯ ಬಳಿಯೂ ಎರಡು ತಾಸಿನ ದಾರಿಯಲ್ಲಿ ಒಂದು ಶಿರೂರು ಇದೆ. ಮದುವೆಯಾದ ಹೊಸದರಲ್ಲಿ ಅತ್ತೆ ಒಂದು ದಿನ ನಾದಿನಿಯನ್ನು ಬಸ್ಸಿಗೆ ಹತ್ತಿಸಲು ಶಿವಾಜಿನಗರದ ಸ್ಟ್ಯಾಂಡಿಗೆ ಹೋದರಂತೆ. ಆ ಬಸ್ಸು ಹೋದ ಮೇಲೆ ಒಬ್ಬರೇ ಮರಳುವಾಗ ಕಂಡಕ್ಟರ್ "ಶಿರೂರ, ಶಿರೂರ" ಎಂದು ಕೂಗುವುದು ಕಿವಿಗೆ ಬಿತ್ತು. ತವರಿಗೇ ಹೋಗುವ ಬಸ್ಸೆಂದು ತಿಳಿದು ಹತ್ತಿ ಕೂತುಬಿಟ್ಟರು. ಬೇರೊಂದು ಶಿರೂರಿನಲ್ಲಿ ಇಳಿದು ಪೆಚ್ಚಾಗಿ, ಸಂಜೆ ತಿರುಗಿ ಬಂದರು. "ಬಾಗಲಕೋಟಿ ಎರಡು ತಾಸಿನ್ಯಾಗ ಬರ್ತದ ಅಂದ್ಕೊಂಡಿದ್ಳು!" ಎಂದು ಮಾವ ತೊಡೆ ತಟ್ಟಿ ನಗುವರು. ಅತ್ತೆಯೂ ನಗುವರು.

ನಾಟಕದಲ್ಲಿ ಆ ದೃಶ್ಯ ಭಾರಿ ತಮಾಷೆಯಾಗಿತ್ತು. ಪೆದ್ದು ಮದುಮಗಳು ಇಳಿದ ಕೂಡಲೇ ಕಂಡಕಂಡವರಿಗೆಲ್ಲ ತನ್ನ ಓಣಿ ಎಲ್ಲಿ, ತನ್ನ ಅಪ್ಪನ ಮನೆ ಎಲ್ಲಿ ಎಂದು ಕೇಳುತ್ತಾಳೆ; ಅವರು ಮರಾಠಿಯಲ್ಲಿ ಏನೋ ಅನ್ನುತ್ತಾರೆ, ಇವಳು ಏನೋ ತಿಳಿಯುತ್ತಾಳೆ. ನಾನು ನಗುತ್ತಲೇ ಟೈಪ್ ಮಾಡಿದೆ. ಸೇವ್ ಮಾಡುವುದನ್ನು ಮರೆತಿದ್ದೆ. ಕೊನೆಯ ಮಾತಿಗೆ ಬಂದಾಗ ಯಂತ್ರ ನಿಂತಿತು. ಮತ್ತೆ ಹಚ್ಚಿದಾಗ ಆ ದೃಶ್ಯದ ಒಂದು ಸಾಲೂ ಉಳಿದಿರಲಿಲ್ಲ.

ನನಗೆ ಅಳುವೇ ಬಂತು. ಮಧ್ಯಾಹ್ನವೆಲ್ಲ ನಡೆದು ನಡೆದು ಹೇಳಿದ್ದರು ಅವರು.

"ಹೋತು ಬಿಡವಾ," ಎಂದರು ಅತ್ತೆ, ಸ್ಟೂಲಿನ ಮೇಲೆ ಕೂರುತ್ತ. "ಹೆಂಗಿದ್ರೂ ಅದು ಖರೇ ಇದ್ದಿಲ್ಲ."

"ಯಾವುದು?"

"ಅದಽ, ಬಸ್ಸಿಂದು. ನಮ್ಮ ಶಿರೂರ ಅಲ್ಲ ಅಂತ ನನಗ ಗೊತ್ತಿತ್ತು. ಮದುವಿ ಆಗಿ ಬರೋ ಮುಂದ ರಾತ್ರಿಯೆಲ್ಲಾ ರೈಲಿನ್ಯಾಗ ಕುಂತು ಬಂದಿದ್ದೆ. ಅಷ್ಟು ದೂರ ಬಸ್ಸಿನ್ಯಾಗ ಎರಡು ತಾಸಿನ್ಯಾಗ ಹೋಗಾಕಾಗ್ತದಂತ ತಿಳಕೊಳ್ಳೂವಷ್ಟು ದಡ್ಡಿ ಇದ್ದೆನೇನು?"

"ಮತ್ತೆ ಯಾಕೆ ಹತ್ತಿದಿರಿ ಅತ್ತೆ?"

"ಅಂವ ಹೆಸರು ಕರದಾ ನೋಡು. ಬಂದಾಗಿಂದ ಆ ಹೆಸರು ಯಾರ ಬಾಯಾಗೂ ಕೇಳಿದ್ದಿಲ್ಲ ನಾ. ಕಾಲು ತಾವಽ ಹತ್ತಿದವು. ಅಲ್ಲಿ ಇಳದು ಒಂದು ಬೇವಿನ ಗಿಡದ ಬುಡಕ ಕುಂತೆ. ಸಂತಿ ಇತ್ತು. ಎತ್ತು, ಜ್ವಾಳದ ಚೀಲ, ಶೇಂಗಾ. ಭಾಷಾ ಒಂದು ಬ್ಯಾರೆ, ಉಳದದ್ದೆಲ್ಲಾ ನಮ್ಮೂರಿನಂಗಽ. ಬಾಜೂಕ ಕುಂತಾಕಿ ಗಂಟು ಬಿಚ್ಚಿ ನನಗೂ ಒಂದು ಭಾಕರಿ ಕೊಟ್ಲು. ನಮ್ಮ ರೊಟ್ಟಿನಽ ಅದು. ತಿಂದೆ. ಅತ್ತುಬಿಟ್ಟೆ. ಆಮ್ಯಾಲೆ ಬಸ್ ಹಿಡದು ಬಂದೆ."

"ಮನೆಯಲ್ಲಿ ಹೇಳಬಹುದಿತ್ತಲ್ಲ?"

"ಏನಂತ ಹೇಳ್ಲಿ? ತವರು ನೆನಪಾತು ಅಂದ್ರ, ಇಲ್ಲೇನು ಕಡಿಮಿ ಮಾಡೇವಿ ಅಂತಿದ್ರು. ನಿಮ್ಮ ಮಾವ ಊರೆಲ್ಲಾ ಹುಡುಕಿ ಬೆವತು ನಿಂತಿದ್ರು. ತಪ್ಪಿ ಹತ್ತಿದೆ ಅಂದೆ. ಎಲ್ಲಾರೂ ನಕ್ರು. ನಕ್ರ ಮುಗೀತು."

ಯಂತ್ರ ಎದ್ದು ನಮಗಾಗಿ ಕಾಯುತ್ತಿತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ. ಬಂದ ಹೊಸದರಲ್ಲಿ ನಾನು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದದ್ದನ್ನು ಅವರಿಗೆ ಹೇಳಿದೆ. "ಕೇಳಸ್ತಿತ್ತು," ಎಂದರು. ಅಷ್ಟೇ. ಆಮೇಲೆ ನನ್ನ ತಲೆಯ ಮೇಲೆ ಒಮ್ಮೆ ಕೈಯಾಡಿಸಿ ಚಹಾಕ್ಕೆ ಇಡಲು ಎದ್ದರು.

ಯಂತ್ರದ ರೋಗ ಪತ್ತೆಯಾದದ್ದು ಅದೇ ವಾರ. ಇವರಿಗೊಂದು ಉದ್ದನೆಯ ಕಚೇರಿ ವರದಿಯನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಡಬೇಕಿತ್ತು. ಬೆಳಿಗ್ಗೆ ಕೂತವಳು ಊಟದ ಹೊತ್ತಿಗೆ ಮುಗಿಸಿ ಎದ್ದೆ. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಅದೇ ರ್ಯಾಮ್, ಅದೇ ಫ್ಯಾನು. ಹಾಗಾದರೆ ಕನ್ನಡಕ್ಕೆ ಮಾತ್ರ ಯಾಕೆ ನಿಲ್ಲುತ್ತದೆ? ನಾಟಕದ ಫೈಲು ತೆರೆದು ಪಕ್ಕದಲ್ಲಿಟ್ಟು ನೋಡಿದೆ. ವರದಿಯಲ್ಲಿ ಅಲ್ಲೊಂದು ಇಲ್ಲೊಂದು ಶಬ್ದದ ಕೆಳಗೆ ಕೆಂಪು ಗೆರೆ. ನಾಟಕದಲ್ಲಿ ಮೊದಲಿನಿಂದ ಕೊನೆಯವರೆಗೆ ಪ್ರತಿ ಶಬ್ದದ ಕೆಳಗೂ ಕೆಂಪು ಗೆರೆ. ಅದನ್ನು ನೋಡಿ ನೋಡಿ ಕಣ್ಣಿಗೆ ರೂಢಿಯಾಗಿಬಿಟ್ಟಿತ್ತು.

ಆಗಿನ ಕನ್ನಡ ಅಕ್ಷರಗಳು ನಮ್ಮ ಕಣ್ಣಿಗಷ್ಟೇ ಕನ್ನಡ. ಯಂತ್ರದ ಒಳಗೆ ಅವು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕಾಗುಣಿತ ತಿದ್ದುವ ಭಾಗ ಪ್ರತಿ ಶಬ್ದವನ್ನೂ ತಪ್ಪಾದ ಇಂಗ್ಲಿಷ್ ಎಂದು ಹಿಡಿದು, ತನ್ನ ನಿಘಂಟಿನಲ್ಲಿ ಹುಡುಕಿ ಹುಡುಕಿ ಸೋಲುತ್ತಿತ್ತು. ಪುಟ ಹೆಚ್ಚಿದಂತೆ ಆ ಮುದಿ ಯಂತ್ರಕ್ಕೆ ಉಸಿರು ಕಟ್ಟುತ್ತಿತ್ತು.

ಮೆನುಗಳಲ್ಲಿ ಒಂದೊಂದನ್ನೇ ತೆರೆದು, ಟೈಪ್ ಮಾಡುವಾಗಲೇ ಕಾಗುಣಿತ ನೋಡುವ ಆ ಏರ್ಪಾಟನ್ನು ಹುಡುಕಿ ಅದರ ಮುಂದಿನ ಗುರುತು ತೆಗೆದೆ. ವ್ಯಾಕರಣದ್ದನ್ನೂ ತೆಗೆದೆ. ಕೆಂಪು ಗೆರೆಗಳೆಲ್ಲ ಒಂದೇ ಸಲ ಮಾಯವಾದವು.

"ಅತ್ತೆ, ಬನ್ನಿ, ಹೇಳಿ," ಎಂದು ಕೂಗಿದೆ.

"ಏನು ಹೇಳ್ಲಿ?"

"ಏನಾದರೂ. ಅದು ನಿಲ್ಲುತ್ತೋ ಇಲ್ಲವೋ ನೋಡಬೇಕು."

ಅವರು ಹಿಟ್ಟಿನ ಕೈಯಲ್ಲೇ ಬಂದು ಬಸ್ಸಿನ ದೃಶ್ಯವನ್ನು ಮೊದಲಿನಿಂದ ಹೇಳತೊಡಗಿದರು. ಕಂಡಕ್ಟರನ ಕೂಗು ಹಾಗೇ ಇತ್ತು, ಹಿಂದಿನ ತಮಾಷೆಯೂ ಇತ್ತು. ಆದರೆ ಮದುಮಗಳು ಇಳಿದ ಮೇಲೆ ಅವರು ನಡೆಯುವುದನ್ನು ನಿಲ್ಲಿಸಿದರು. ಭಾಕರಿ ಕೊಟ್ಟವಳು "ಬಾಯೀ, ಕುಠಂ ಜಾಯಚಂಯ?" ಎಂದು ಕೇಳುತ್ತಾಳೆ, ಎಲ್ಲಿಗೆ ಹೋಗಬೇಕಮ್ಮ ಎಂದು. ಮದುಮಗಳ ಉತ್ತರವನ್ನು ಅತ್ತೆ ಬಹಳ ಮೆಲ್ಲಗೆ ಹೇಳಿದರು: "ಎಲ್ಲೂ ಇಲ್ರಿ. ಒಂದೀಟು ಕುಂತು ಹೋಗ್ತೀನಿ."

ಯಂತ್ರ ನಿಲ್ಲಲಿಲ್ಲ. ನಾಟಕ ಮುಗಿಯುವವರೆಗೂ ಮತ್ತೆ ನಿಲ್ಲಲಿಲ್ಲ. ಕೆಲಸ ಬೇಗ ಬೇಗ ಸಾಗಿತು. ನಿಜ ಹೇಳಬೇಕೆಂದರೆ ಮೊದಲ ಒಂದೆರಡು ದಿನ ನನಗೆ ಏನೋ ಕಳೆದುಕೊಂಡ ಹಾಗಾಯಿತು. ಅತ್ತೆಗೂ ಆಗಿರಬೇಕು, ಮೂರನೆಯ ದಿನ ಒಂದು ಮಾತಿನ ನಡುವೆಯೇ, "ಸಾಕು, ಅದೂ ದಣದಿರತದ, ಚಾ ಕುಡಿಯೂಣು ಬಾ" ಎಂದರು.

ಸಂಕ್ರಾಂತಿಯ ಕೂಟಕ್ಕೆ ಸೊಸೈಟಿಯ ಸಭಾಂಗಣ ತುಂಬಿತ್ತು. ಕಂಡಕ್ಟರನಾಗಿ ಮೀಸೆ ಹಚ್ಚಿದ್ದ ಹೆಂಗಸು ಕೂಗಿದಾಗ ಎಲ್ಲರಿಗಿಂತ ಜೋರಾಗಿ ನಕ್ಕದ್ದು ಮಾವ. ಇದು ನಮ್ಮನೆಯದೇ ಕಥೆ ಎಂದು ಪಕ್ಕದವರಿಗೆ ಹೇಳಿಯೂ ಆಗಿತ್ತು. ಆಮೇಲೆ ಮದುಮಗಳು ಭಾಕರಿ ಮುರಿದು ಆ ಮಾತು ಹೇಳಿದಳು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಸೆರಗಿನಿಂದ ಮೂಗು ಒರೆಸಿಕೊಂಡರು. ಮಾವ ಕೈಯಲ್ಲಿದ್ದ ಎಳ್ಳುಬೆಲ್ಲದ ಪೊಟ್ಟಣವನ್ನು ತಿರುಗಿಸುತ್ತ ಕೂತುಬಿಟ್ಟರು.

ಮನೆಗೆ ನಡೆದು ಬರುವಾಗ ಮಾವ ಅತ್ತೆಯ ಪಕ್ಕಕ್ಕೆ ಬಂದರು. ಇವರೂ ನಾನೂ ಸ್ವಲ್ಪ ಹಿಂದುಳಿದೆವು. ಆದರೂ ಕೇಳಿಸಿತು.

"ಗೊತ್ತಿತ್ತೇನು ನಿನಗ?"

"ಗೊತ್ತಿತ್ತು."

ಮಾವ ಮುಂದಿನ ಬೀದಿದೀಪದವರೆಗೆ ನಡೆದರು. ಆಮೇಲೆ, "ಅವತ್ತ ಹೇಳಿದ್ರ ನಾನಽ ಕರಕೊಂಡು ಹೋಗ್ತಿದ್ನೆಲ್ಲಾ" ಎಂದರು. ರಸ್ತೆ ದಾಟುವಾಗ ಅತ್ತೆ ಅವರ ತೋಳು ಹಿಡಿದುಕೊಂಡರು.

ಮುಂದಿನ ವಾರದ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಮಂಡಳಿಯ ಹೆಂಗಸೊಬ್ಬರು, ಕಲಬುರ್ಗಿ ಕಡೆಯವರು, ಕೂಟಗಳಲ್ಲಿ ಸದಾ ಹಿಂದಿನ ಸಾಲಿನಲ್ಲಿ ಕೂರುವವರು. ನೀರು ಕುಡಿದರು, ಹವೆಯ ಮಾತಾಡಿದರು, ಕಂಪ್ಯೂಟರಿನ ಕಡೆ ಎರಡು ಸಲ ನೋಡಿದರು. ಕೊನೆಗೆ ಅತ್ತೆಯ ಕಡೆ ತಿರುಗಿ ಕೇಳಿದರು:

"ನಂದೂ ಒಂದ್ ಅದರೀ ವೈನಿ. ಭಾಳ ಹಳೇದು. ಬರಕೋತೀರೇನ್ರಿ?"

ಅತ್ತೆ ಅವರಿಗೆ ಸ್ಟೂಲು ಎಳೆದುಕೊಟ್ಟರು. ನಾನು ಯಂತ್ರ ಹಚ್ಚಿದೆ.